ಹರೆಯದವರ ಓದು, ಬೈಗುಳ ಮತ್ತು ಸದಭಿರುಚಿ

(ಕ್ಯಾತ್ಸಂದ್ರದ ಓದುಗ ಗೆಳೆಯರು ಕರೆದಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ಯಾತ್ಸಂದ್ರಕ್ಕೆ ಹೊರಗಿನವರು ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಸಿದ್ಧಗಂಗೆಗೆ ಹೋಗುವುದು. ಇನ್ನೊಂದು, ತಟ್ಟೆ ಇಡ್ಲಿ ತಿನ್ನುವುದು. ನೀವು ನಮ್ಮನ್ನು ಮೂರನೆಯದೊಂದು ಕಾರಣಕ್ಕೆ ಕರೆಸಿ, ಬೈಗುಳದ ಮೇಲೆ ಮಾತಾಡಿ ಎಂದಿದ್ದೀರಿ. ನಮ್ಮ ಪಕ್ಷದವರಿಗೆ ಬೈಯುವುದು ಚೆನ್ನಾಗಿ ಬರುತ್ತದೆಂಬ ಲೋಕಪ್ರಸಿದ್ಧಿ ಇದಕ್ಕೆ ಕಾರಣವಾಗಿದ್ದರೂ ಇರಬಹುದು. ಅದಿರಲಿ.

ನಡೆದ ಸಂಗತಿ ನಿಮಗೆಲ್ಲ ಗೊತ್ತಿದೆ. ಆದರೂ ಪತ್ರಿಕೆಯಲ್ಲಿ ಓದುವವರಿಗಾಗಿ ಹೇಳುತ್ತೇವೆ. ಇಲ್ಲಿನ ಗೆಳೆಯರು ಒಂದು ಕೋಣೆಯಲ್ಲಿ ಎರಡು ಬೀರು ಪುಸ್ತಕ ಇಟ್ಟುಕೊಂಡು, ಹೈಸ್ಕೂಲು ಮುಗಿಸುತ್ತಿರುವ ಮತ್ತು ಕಾಲೇಜಿಗೆ ಈಗ ತಾನೆ ಸೇರಿದ ಹುಡುಗ ಹುಡುಗಿಯರಿಗೆ ಓದಲು ಕೊಡುತ್ತಾರೆ. ಕಳೆದ ತಿಂಗಳು ಒಬ್ಬ ತಂದೆ ಮಗಳು ಒಯ್ದಿದ್ದ ಕಾದಂಬರಿಯನ್ನು ಹಿಂದಕ್ಕೆ ತಂದು ಮೇಜಿನ ಮೇಲಿಟ್ಟರು. ಅವರು ಮಂಡಿಯೊಂದರಲ್ಲಿ ಮೂಟೆ ಹೊರುವವರು. ಕೂಗಾಡಲಿಲ್ಲ. ಪುಸ್ತಕ ತೆರೆದು ಒಂದು ಪುಟ ತೋರಿಸಿ ಇಷ್ಟೇ ಹೇಳಿದರು: “ನಾವು ದಿವಸವೆಲ್ಲ ಇದೇ ಮಾತು ಕೇಳಿಕೊಂಡು ಮೂಟೆ ಹೊರ್ತೀವಿ. ಮಗಳು ಕೇಳಬಾರದು ಅಂತಲೇ ಓದಿಸ್ತಿದ್ದೀವಿ. ಅದನ್ನೇ ನೀವು ಅಚ್ಚು ಹಾಕಿ ಅವಳ ಕೈಗೆ ಕೊಟ್ಟರೆ ನಾವು ಎಲ್ಲಿಗೆ ಹೋಗಬೇಕು?”

ಗೆಳೆಯರು ಈ ಮಾತನ್ನು ನಮಗೆ ಫೋನಿನಲ್ಲಿ ತಿಳಿಸಿದಾಗ ನಮ್ಮಲ್ಲಿ ಉತ್ತರ ಸಿದ್ಧವಾಗಿತ್ತು. ಸಾಹಿತ್ಯ ಬದುಕಿನ ಕನ್ನಡಿ, ಬದುಕಿನಲ್ಲಿ ಬೈಗುಳವಿದ್ದರೆ ಪುಸ್ತಕದಲ್ಲೂ ಇರುತ್ತದೆ, ಬೇಡವೆನ್ನುವುದು ಮೇಲ್ವರ್ಗದ ಮಡಿ, ಇತ್ಯಾದಿ. ಇಪ್ಪತ್ತು ವರ್ಷದಿಂದ ಇದೇ ಉತ್ತರವನ್ನು ಊರೂರಿನಲ್ಲಿ ಹೇಳಿಕೊಂಡು ಬಂದಿದ್ದೇವೆ. ಆದರೆ ಪುಸ್ತಕ ಹಿಂದಿರುಗಿಸಿದವರು ಅಗ್ರಹಾರದವರಲ್ಲ, ಮೂಟೆ ಹೊರುವವರು. ಯಾರ ಪರವಾಗಿ ಮಾತಾಡುತ್ತೇವೆಂದು ನಾವು ಹೇಳಿಕೊಳ್ಳುತ್ತೇವೆಯೋ ಅವರೇ ಎದುರು ನಿಂತು ಬೇಡ ಎಂದಾಗ ಸಿದ್ಧವಾದ ಉತ್ತರ ಬಾಯಿಂದ ಹೊರಡಲಿಲ್ಲ. ಈ ಭಾಷಣ ಆ ತಂದೆಗೆ ಕೊಡಬೇಕಾದ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲು ಹಳೆಯ ಉತ್ತರದಲ್ಲಿರುವ ಸತ್ಯವನ್ನು ಹೇಳಿಬಿಡುತ್ತೇವೆ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಸದಭಿರುಚಿ ಎಂಬುದು ಆಕಾಶದಿಂದ ಇಳಿದುಬಂದದ್ದಲ್ಲ. ನಮ್ಮ ಜಿಲ್ಲೆಯ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪ್ರಕಟಿಸಿ, ಹಳೆಯ ಆಲಂಕಾರಿಕರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ತಿಳಿಯಾಗಿ ತಂದಿಟ್ಟರು. ಆ ಆಲಂಕಾರಿಕರು ಕಾವ್ಯದೋಷಗಳನ್ನು ಎಣಿಸುವಾಗ ಅಶ್ಲೀಲವನ್ನು ಒಂದು ದೋಷವೆಂದು ಹೇಳಿ, ಅದರಲ್ಲಿ ಮೂರು ಬಗೆ ಮಾಡುತ್ತಾರೆ: ನಾಚಿಕೆ ಹುಟ್ಟಿಸುವುದು, ಅಸಹ್ಯ ಹುಟ್ಟಿಸುವುದು, ಅಮಂಗಳವನ್ನು ಸೂಚಿಸುವುದು. ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆ, ನೋಡಿ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ದೋಷವಿದೆ. ಅದರ ಹೆಸರು ಗ್ರಾಮ್ಯ. ಗ್ರಾಮ್ಯವೆಂದರೆ ಗ್ರಾಮದ್ದು, ಅಂದರೆ ಹಳ್ಳಿಯದು. ಹಳ್ಳಿಯವರು ಆಡುವ ಮಾತು. ದೋಷಕ್ಕೆ ಹೆಸರಿಡುವಾಗಲೇ ತೀರ್ಪು ಕೊಟ್ಟಾಗಿದೆ. ಗುಬ್ಬಿ, ಕುಣಿಗಲು, ಪಾವಗಡದ ಅಷ್ಟೂ ಜನ ಬಾಯಿ ತೆರೆದರೆ ಸಾಕು, ಕಾವ್ಯಕ್ಕೆ ದೋಷ ತಟ್ಟುತ್ತದೆ!

ಈ ತೀರ್ಪು ಕಾವ್ಯಶಾಸ್ತ್ರದಲ್ಲಿಯೇ ಉಳಿಯಲಿಲ್ಲ. ಪ್ರಗತಿಶೀಲರ ಕಾಲದಲ್ಲಿ ಅ.ನ. ಕೃಷ್ಣರಾಯರು ‘ನಗ್ನ ಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯೆಯರ ಬದುಕನ್ನು ಬರೆದಾಗ, ಹುಡುಗರು ಕೆಟ್ಟುಹೋಗುತ್ತಾರೆಂದು ದೊಡ್ಡ ಗದ್ದಲವೆದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು. ಆ ಕಾದಂಬರಿಗಳೆಲ್ಲ ಶ್ರೇಷ್ಠವೆಂದು ನಾವು ಹೇಳುವುದಿಲ್ಲ. ಉಪದೇಶ ಹೆಚ್ಚು, ಅವಸರ ಹೆಚ್ಚು. ಆದರೆ ವೇಶ್ಯೆಯ ಕಥೆ ಓದಿದರೆ ಹುಡುಗ ಕೆಡುತ್ತಾನೆ ಎಂದವರಲ್ಲಿ, ವೇಶ್ಯಾವಾಟಿಕೆಯನ್ನು ಯಾರು ನಡೆಸುತ್ತಾರೆ, ಅಲ್ಲಿಗೆ ಯಾರು ಹೋಗುತ್ತಾರೆ ಎಂದು ಕೇಳಿದವರು ಕಡಿಮೆ. ಅನಂತಮೂರ್ತಿಯವರ ‘ಸಂಸ್ಕಾರ’ ಪುಸ್ತಕವಾಗಿ ಬಂದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಚಿತ್ರ ಮಾಡಿದಾಗ ಮದರಾಸಿನ ಸೆನ್ಸಾರು ಅದನ್ನು ತಡೆಯಿತು. ಆಮೇಲೆ ತಡೆ ತೆರವಾಗಿ, 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಿತು. ಆಕ್ಷೇಪಣೆಯ ಮೇಲುಹೊದಿಕೆ ಸದಭಿರುಚಿಯದು, ಒಳಗೆ ಚುಚ್ಚಿದ್ದು ಜಾತಿ. ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ನಮ್ಮ ಸಮಾಜವಾದಿ ಬಳಗದವರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಅವರ ಹೆಸರು ಬಂದಾಗ ಒಂದು ಗಳಿಗೆ ನಿಲ್ಲದೆ ಮುಂದಕ್ಕೆ ಹೋಗಲು ನಮ್ಮಿಂದಾಗುವುದಿಲ್ಲ.

ಮಕ್ಕಳಿಗೆ ಬರೆಯುವವರು ಬೇರೆ, ಒರಟು ಮಾತು ಬರೆಯುವವರು ಬೇರೆ ಎಂಬ ಭಾವನೆ ಈಗ ಬೆಳೆದಿದೆ. ಕನ್ನಡದಲ್ಲಿ ಹಾಗಿರಲಿಲ್ಲ. ನಾಯಿಮರಿಯ ಹಾಡನ್ನು ಮಕ್ಕಳ ಬಾಯಿಗೆ ಹಾಕಿದ ಜಿ.ಪಿ. ರಾಜರತ್ನಂ ಅವರೇ ಹೆಂಡಕುಡುಕ ರತ್ನನನ್ನೂ ಹುಟ್ಟಿಸಿದರು. ತಾವು ಒಂದು ತೊಟ್ಟು ಕುಡಿಯದ ಮೇಷ್ಟ್ರು, ಕುಡುಕನ ತೊದಲನ್ನು, ಅವನ ಒರಟನ್ನು, ಅವನ ಮಾನವನ್ನು ಒಂದೇ ಪದದಲ್ಲಿ ಹಿಡಿದರು. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬರೆದ ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕೊಟ್ಟರು; ಅದರ ಗೌಡರೂ ಆಳುಗಳೂ ಆಡುವ ಮಾತನ್ನು ಸೋಸಿ ತೆಗೆದರೆ ಕಾದಂಬರಿಯಲ್ಲಿ ಮಳೆ ಮತ್ತು ಮರ ಉಳಿದಾವು, ಮನುಷ್ಯರು ಉಳಿಯುವುದಿಲ್ಲ. ಇನ್ನೂ ಹಿಂದಕ್ಕೆ ಹೋಗಿ. ಸಿದ್ಧಗಂಗೆಯ ಬೆಟ್ಟದ ಕೆಳಗೆ ಸಾವಿರಾರು ಹುಡುಗರು ಊಟ, ವಸತಿ, ಓದು ಪಡೆಯುತ್ತ ವಚನ ಕೇಳಿ ಬೆಳೆಯುತ್ತಾರೆ. ಹನ್ನೆರಡನೆಯ ಶತಮಾನದ ಆ ಶರಣರ ಗುಂಪಿನಲ್ಲಿ ಅಂಬಿಗರ ಚೌಡಯ್ಯನೂ ಇದ್ದಾನೆ. ದೋಣಿ ಹಾಕುವವನ ಬಾಯಿ ಅದು. ಢಾಂಭಿಕರನ್ನು ಕಂಡರೆ ಕಾಲಿನದನ್ನು ಕೈಗೆ ತೆಗೆದುಕೊಳ್ಳುವ ಬಾಯಿ. ಚೌಡಯ್ಯನನ್ನು ಗ್ರಾಮ್ಯವೆಂದು ಯಾರಾದರೂ ಸಂಪುಟದಿಂದ ಹೊರಗಿಟ್ಟರೆ ಶರಣರ ಸಭೆಯಲ್ಲಿ ಒಂದು ಆಸನ ಖಾಲಿಯಾಗುತ್ತದೆ. ಅದು ದುಡಿಯುವವನ ಆಸನ.

ಇಷ್ಟು ನಮ್ಮ ಹಳೆಯ ಉತ್ತರ. ಇದರಲ್ಲಿ ಒಂದು ಅಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಮೂಟೆ ಹೊರುವ ತಂದೆ ಕೇಳಿದ್ದು ಇದನ್ನಲ್ಲ. ಹಳ್ಳಿಯ ಮಾತು ಅಸಹ್ಯ ಎಂದು ಅವರು ಹೇಳಲಿಲ್ಲ. ಆ ಮಾತು ತಮಗೆ ತಗುಲುತ್ತದೆ ಎಂದು ಹೇಳಿದರು. ಅಭಿರುಚಿಯ ಪ್ರಶ್ನೆ ಅದಲ್ಲ, ಗಾಯದ ಪ್ರಶ್ನೆ.

ಆದುದರಿಂದ ಬೈಗುಳವನ್ನೇ ಬಿಚ್ಚಿ ನೋಡೋಣ. ಎರಡು ಮೂರು ಮಾತನ್ನು ಬಾಯಿ ಬಿಟ್ಟು ಹೇಳಬೇಕಾಗುತ್ತದೆ, ತಾಯಂದಿರು ಕ್ಷಮಿಸಬೇಕು. ‘ಬೋಳಿಮಗ’ ಎನ್ನುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ, ಕ್ರಿಕೆಟ್ ಆಡುವ ಬಯಲಿನಲ್ಲಿ, ಈಗ ಮೊಬೈಲಿನ ರೀಲುಗಳಲ್ಲಿ, ದಿನಕ್ಕೆ ಎಷ್ಟು ಸಲ ಕೇಳುತ್ತೇವೆಯೋ ಲೆಕ್ಕವಿಲ್ಲ. ಬೋಳಿ ಎಂದರೆ ಯಾರು? ಗಂಡ ಸತ್ತ ಮೇಲೆ ತಲೆ ಬೋಳಿಸಿ ಮೂಲೆಗೆ ಕೂರಿಸಿದ ಹೆಂಗಸು. ತಲೆ ಬೋಳಿಸಿದವರು ಯಾರು? ಸದಭಿರುಚಿಗೆ ಹೆಸರಾದ ಮನೆತನಗಳವರೇ. ಕತ್ತಿ ಹಿಡಿಸಿದ್ದು ಶಾಸ್ತ್ರಸಮ್ಮತ, ಆದರೆ ಆ ಹೆಂಗಸಿನ ಹೆಸರು ಹೇಳುವುದು ಅಶ್ಲೀಲ! ಆಚಾರ ಹೋಗಿ ಎಷ್ಟೋ ವರ್ಷವಾಯಿತು, ಬೈಗುಳ ಮಾತ್ರ ತಾಜಾ ಉಳಿದುಕೊಂಡಿದೆ. ‘ಮುಂಡೆ’ ಎಂದರೂ ವಿಧವೆಯೇ. ಇನ್ನೊಂದು, ಹೊಟ್ಟೆಪಾಡಿಗೆ ಮೈ ಮಾರಿಕೊಂಡ ಹೆಂಗಸಿನ ಮಗ ಎಂಬುದು. ಮೈ ಕೊಂಡವನ ಮಗನೆಂದು ಬೈಯುವ ಮಾತು ಕನ್ನಡದಲ್ಲಿದೆಯೆ? ನಾವು ಹುಡುಕಿದೆವು, ಸಿಕ್ಕಲಿಲ್ಲ. ಗಂಡಸರು ಇಬ್ಬರು ಜಗಳವಾಡುತ್ತಾರೆ. ಏಟು ಮಾತ್ರ ಅಲ್ಲಿಲ್ಲದ ಇಬ್ಬರು ಹೆಂಗಸರ ಮೇಲೆ ಬೀಳುತ್ತದೆ.

ಇನ್ನುಳಿದವು ಜಾತಿಯ ಹೆಸರುಗಳು. ಅವನ್ನು ಬೈಗುಳವಾಗಿ ನಾವು ಇಲ್ಲಿ ಉಚ್ಚರಿಸುವುದಿಲ್ಲ. 1989ರ ಕಾಯಿದೆಯ ಭಯಕ್ಕಲ್ಲ; ಆ ಹೆಸರು ಹೊತ್ತವರು ಈ ಕೋಣೆಯಲ್ಲಿ ಕೂತಿದ್ದಾರೆಂದು. ಗಮನಿಸಬೇಕಾದ ಒಂದು ಮಾತಿದೆ: ಅದೇ ಹೆಸರನ್ನು ಸಿದ್ಧಲಿಂಗಯ್ಯನವರು 1975ರಲ್ಲಿ ತಮ್ಮ ಕವನಸಂಕಲನದ ಮುಖಪುಟದ ಮೇಲೆ ಅಚ್ಚು ಹಾಕಿಸಿದರು: ‘ಹೊಲೆಮಾದಿಗರ ಹಾಡು’. ಒಳಗೆ ಬೈಗುಳವೂ ಇತ್ತು, ಕಾವಿನಿಂದ ಕೆಂಪಾದ ಬೈಗುಳ. ಓದಿದವರು ಬೆಚ್ಚಿದರು. ಆದರೆ ಯಾರಿಗೆ ಹಾಗೆ ಬೆಚ್ಚಿಬೀಳುವ ಅಗತ್ಯವಿತ್ತೋ ಅವರೇ ಬೆಚ್ಚಿದರು. ಕೇರಿಯವರು ತಲೆ ಎತ್ತಿಕೊಂಡು ಹಾಡಿದರು. ಮೇಲಿನಿಂದ ಕೆಳಕ್ಕೆ ಬಿದ್ದ ಕಲ್ಲನ್ನೇ ಎತ್ತಿಕೊಂಡು ಕೆಳಗಿನವನು ಮೇಲಕ್ಕೆ ಎಸೆದರೆ, ಕಲ್ಲು ಅದೇ ಆದರೂ ಕೆಲಸ ಬೇರೆ.

ಡಾ. ರಾಮಮನೋಹರ ಲೋಹಿಯಾ 1953ರಲ್ಲಿ ಬರೆದ ಒಂದು ಲೇಖನವಿದೆ. ಅದರ ಹಿಂದಿ ಹೆಸರನ್ನು ಕನ್ನಡಕ್ಕೆ ತಂದರೆ ‘ಜಾತಿ ಮತ್ತು ಯೋನಿಯ ಎರಡು ಕಟಕಟೆಗಳು’ ಎಂದಾಗುತ್ತದೆ. ಈ ದೇಶದ ಮನಸ್ಸು ಸೋತು ಬಿದ್ದಿರುವುದು ಈ ಎರಡು ಕಟಕಟೆಗಳ ನಡುವೆ ಎಂಬುದು ಅವರ ವಾದ. ನಮ್ಮ ವೇದಿಕೆಗಳಲ್ಲಿ ಇದನ್ನು ಪ್ರಸ್ತಾಪಿಸುವಾಗ ಎಷ್ಟೋ ಜನ ಎರಡನೆಯ ಪದವನ್ನು ನುಂಗಿ ‘ಜಾತಿ ಮತ್ತು ಲಿಂಗ’ ಎಂದೋ ‘ಜಾತಿ ಮತ್ತು ಸ್ತ್ರೀ’ ಎಂದೋ ಹೇಳುತ್ತಾರೆ. ನಾವೂ ಹೇಳಿದ್ದೇವೆ. ಸಮಾಜವಾದಿಗೂ ನಾಚಿಕೆಯಾಗುತ್ತದೆ, ಸ್ವಾಮಿ! ಆದರೆ ಕನ್ನಡದ ಬೈಗುಳಗಳನ್ನು ಒಂದು ರಾಶಿ ಹಾಕಿ ಅವು ಎಲ್ಲಿಂದ ಬಂದವೆಂದು ವಿಂಗಡಿಸಿ ನೋಡಿ. ಹೆಚ್ಚುಕಡಿಮೆ ಅಷ್ಟೂ ಲೋಹಿಯಾ ಹೇಳಿದ ಆ ಎರಡು ಕಟಕಟೆಗಳ ಒಳಗಿಂದಲೇ ಬಂದಿವೆ. ಭಾಷಣ ಮಾಡಿ ಮಾಡಿ ನಾವು ತಿಳಿಸಲಾಗದ್ದನ್ನು ಒಂದು ಬೈಗುಳದ ವ್ಯುತ್ಪತ್ತಿ ತಿಳಿಸೀತು.

ಇಲ್ಲಿ ಬೈಗುಳಕ್ಕೂ ಶಾಪಕ್ಕೂ ಇರುವ ವ್ಯತ್ಯಾಸವನ್ನು ಹೇಳಲೇಬೇಕು. ಪಟ್ಟಣದ ಓದುಗರು ಎರಡನ್ನೂ ಒಂದೇ ಮಡಕೆಗೆ ಹಾಕುತ್ತಾರೆ. ‘ನಿನ್ನ ಮನೆ ಹಾಳಾಗ, ನಿನ್ನ ಬಾಯಿಗೆ ಮಣ್ಣು ಬೀಳ’ ಎಂದು ಮುದುಕಿಯೊಬ್ಬಳು ಹಿಡಿಮಣ್ಣು ತೂರುತ್ತಾಳಲ್ಲ, ಅದು ಶಾಪ. ಅವಳಿಗೆ ಪೊಲೀಸು ಇಲ್ಲ, ವಕೀಲನಿಲ್ಲ, ಪಂಚಾಯ್ತಿಯಲ್ಲಿ ದನಿ ಇಲ್ಲ. ಇರುವುದು ಬಾಯಿ ಮತ್ತು ಮಣ್ಣು. ಬೈಗುಳ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಶಾಪ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮಂಡಿಯ ಯಜಮಾನ ಹಮಾಲಿಗೆ ಶಾಪ ಹಾಕಿದ್ದನ್ನು ಯಾರಾದರೂ ಕೇಳಿದ್ದೀರಾ? ಅವನು ಬೈಯುತ್ತಾನೆ. ಶಾಪ ಹಾಕುವ ಅವಶ್ಯಕತೆ ಅವನಿಗಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾ ತಿರುಗುತ್ತಾಳೆ, ಅವಳ ಬಾಯಿ ಸುಮ್ಮನಿರುವುದಿಲ್ಲ. ಆ ಬಾಯಿಯನ್ನು ಮುಚ್ಚಿಸಿ ಕಥೆ ಹೇಳಿ ಎಂದರೆ, ಒಂದು ಹುಂಜ ಹೋದರೆ ಆ ಮನೆಯಲ್ಲಿ ಏನು ಹೋದಂತೆ ಎಂಬುದು ಹದಿನಾರು ವರ್ಷದ ಓದುಗನಿಗೆ ಗೊತ್ತಾಗುವುದು ಹೇಗೆ? ಅದೇ ಮನೆಯ ಗೋಡೆಯ ಮೇಲೆ ಮೊಮ್ಮಗಳು ನವಿಲಿನ ಚಿತ್ರ ಬರೆಯುತ್ತಾಳೆ. ಆ ಬಾಯಿಯೂ ಆ ನವಿಲೂ ಒಂದೇ ಮನೆಯವು ಎಂಬುದು ಆ ಪುಸ್ತಕದ ಹೆಚ್ಚುಗಾರಿಕೆ.

ಮತ್ತೆ ಒಂದು ತೊಡಕು. ನಮ್ಮ ಸೀಮೆಯ ಅಜ್ಜಿಯರು ಮೊಮ್ಮಕ್ಕಳನ್ನು ಎತ್ತಿ ಮುದ್ದಾಡುವಾಗ ‘ಅಯ್ಯೋ ಮುಂಡೇದೇ’ ಎನ್ನುತ್ತಾರೆ. ನಮ್ಮ ಅಜ್ಜಿಯೂ ಅನ್ನುತ್ತಿದ್ದಳು. ಅವಳೇ ಚಿಕ್ಕ ವಯಸ್ಸಿನಲ್ಲಿ ವಿಧವೆಯಾದವಳು. ಊರು ತನಗೆ ಕೊಟ್ಟ ಬೈಗುಳವನ್ನು ಅವಳು ಅಷ್ಟು ವರ್ಷ ಬಾಯಲ್ಲಿ ಇಟ್ಟು ಇಟ್ಟು, ಕೊನೆಗೆ ಅದರ ಮುಳ್ಳೆಲ್ಲ ಸವೆದು, ನಮಗೆ ಕೊಡುವ ಹೊತ್ತಿಗೆ ಅದು ಬೆಲ್ಲದ ಅಚ್ಚಾಗಿತ್ತು. ಇದನ್ನು ಯಾವ ಸೆನ್ಸಾರು ವಿಂಗಡಿಸುತ್ತದೆ? ಪದಗಳ ಪಟ್ಟಿ ಮಾಡಿ ಪುಸ್ತಕ ತೂಗುವವರು ಮೊದಲು ನಮ್ಮ ಅಜ್ಜಿಯನ್ನೇ ಹಿಡಿಯಬೇಕಾದೀತು.

ಪಟ್ಟಿಯಿಂದ ಇನ್ನೊಂದು ಅನಾಹುತವೂ ಇದೆ. ‘ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ’ ಎಂಬ ಗಾದೆಯಲ್ಲಿ ಒಂದು ಕೆಟ್ಟ ಅಕ್ಷರ ತೋರಿಸಿ. ಇಲ್ಲ. ಅದು ಯಾವ ಜರಡಿಯಲ್ಲಾದರೂ ಸಲೀಸಾಗಿ ಇಳಿದುಹೋಗುತ್ತದೆ. ನಮ್ಮದೇ ಚಳವಳಿಗಳನ್ನು ತೆಗೆದುಕೊಳ್ಳಿ. ಮಂತ್ರಿ ಕೆಲಸ ಮಾಡದಿದ್ದರೆ ಅವನಿಗೆ ಬಳೆ, ಕುಂಕುಮ, ಸೀರೆ ಕಳಿಸುತ್ತೇವೆ. ಪತ್ರಿಕೆಯವರು ಫೋಟೋ ಹಾಕುತ್ತಾರೆ. ಸಭ್ಯವಾದ, ವಿನೋದವಾದ ಪ್ರತಿಭಟನೆಯೆಂದು ಎಲ್ಲರೂ ನಗುತ್ತಾರೆ. ಅದರ ಅರ್ಥವೇನು? ನೀನು ಹೆಂಗಸು, ಆದ್ದರಿಂದ ಹೇಡಿ ಎಂದು ತಾನೆ? ಆ ಸೀರೆಯನ್ನು ಹಿಡಿದುಕೊಂಡು ಮೆರವಣಿಗೆಯಲ್ಲಿ ಮುಂದೆ ನಡೆಯುವವರು ಬಳೆ ತೊಟ್ಟ ನಮ್ಮ ಅಕ್ಕತಂಗಿಯರೇ. ಒಂದೂ ಕೆಟ್ಟ ಪದವಿಲ್ಲದ, ದೊಡ್ಡ ಅಕ್ಷರದ ಬೈಗುಳ ಅದು. ಕಾದಂಬರಿಯಲ್ಲಿನ ಬೈಗುಳಕ್ಕೆ ಗದ್ದಲ ಮಾಡುವವರೂ, ಅದನ್ನು ಸಮರ್ಥಿಸುವ ನಾವೂ, ಇದನ್ನು ಬೈಗುಳವೆಂದು ಗುರುತಿಸಿದವರಲ್ಲ. ಈ ಮಾತಿಗೆ ನಮ್ಮವರಲ್ಲೇ ಕೆಲವರು ಮುನಿಸಿಕೊಳ್ಳಬಹುದು, ಮುನಿಸಿಕೊಳ್ಳಲಿ.

ಕಾಯಿದೆ ಏನು ಹೇಳುತ್ತದೆ ಎಂದು ಇಬ್ಬರು ಗೆಳೆಯರು ಕೇಳಿದ್ದಾರೆ, ಅದನ್ನೂ ಚಿಕ್ಕದಾಗಿ ಹೇಳುತ್ತೇವೆ. 1956ರಲ್ಲಿ ಪಾರ್ಲಿಮೆಂಟು ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ಕುರಿತು ಒಂದು ಕಾಯಿದೆ ಮಾಡಿತು. ಇಪ್ಪತ್ತು ವರ್ಷಕ್ಕೆ ಕೆಳಗಿನವರು ಅದರ ಲೆಕ್ಕದಲ್ಲಿ ಎಳೆಯರು. ಅದು ಹೆದರಿದ್ದು ಬೈಗುಳಕ್ಕಲ್ಲ. ಅಪರಾಧವನ್ನು, ಕ್ರೌರ್ಯವನ್ನು ವೈಭವದಿಂದ ಚಿತ್ರಿಸುವ ಕಥೆಗಳಿಗೆ. ಅಶ್ಲೀಲದ ಕಲಮು ಬೇರೆ. ಅದರ ಕೆಳಗೆ, ‘ಲೇಡಿ ಚಾಟರ್ಲೀಸ್ ಲವರ್’ ಮಾರಿದ್ದಕ್ಕಾಗಿ ಮುಂಬಯಿಯ ಪುಸ್ತಕದಂಗಡಿಯವರೊಬ್ಬರಿಗಾದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1964ರಲ್ಲಿ ಎತ್ತಿಹಿಡಿಯಿತು. ಬರೆದವನು ಎಂದೋ ಸತ್ತಿದ್ದ; ಸಿಕ್ಕಿಬಿದ್ದವನು ಮಾರಿದವನು. ಆದರೆ ಬಂಗಾಳಿಯ ಸಮರೇಶ ಬಸು ಅವರ ‘ಪ್ರಜಾಪತಿ’ ಕಾದಂಬರಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು 1985ರಲ್ಲಿ ಒಂದು ವಿವೇಕದ ಭೇದವನ್ನು ಮಾಡಿತು. ಅದರಲ್ಲಿ ಬೀದಿಯ ಪುಂಡನೊಬ್ಬ ತನ್ನ ಕಥೆಯನ್ನು ತನ್ನ ಭಾಷೆಯಲ್ಲಿಯೇ ಹೇಳಿಕೊಳ್ಳುತ್ತಾನೆ. ಒರಟುತನ ಬೇರೆ, ಅಶ್ಲೀಲ ಬೇರೆ. ಒರಟು ಬರಹ ಅಸಹ್ಯವನ್ನೋ ಬೇಸರವನ್ನೋ ಹುಟ್ಟಿಸೀತು, ಅಷ್ಟಕ್ಕೇ ಅದು ಓದುಗನನ್ನು ಕೆಡಿಸುವುದಿಲ್ಲವೆಂದು ಹೇಳಿ ಲೇಖಕರನ್ನು ಬಿಟ್ಟಿತು. 1967ರಲ್ಲಿ ಅಚ್ಚಾದ ಕಾದಂಬರಿಗೆ 1985ರಲ್ಲಿ ಬಿಡುಗಡೆ! 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ದಂಡಸಂಹಿತೆಯಲ್ಲಿಯೂ ಅಶ್ಲೀಲ ವಸ್ತುವನ್ನು ಮಕ್ಕಳಿಗೆ ಮಾರುವುದು ಅಪರಾಧವಾಗಿಯೇ ಇದೆ, ವಯಸ್ಸು ಮಾತ್ರ ಹದಿನೆಂಟಕ್ಕೆ ಇಳಿದಿದೆ. ಇಷ್ಟು ಕಾಯಿದೆ. ನಿಮ್ಮ ಬೀರುವಿನಲ್ಲಿರುವ ಯಾವ ಪುಸ್ತಕಕ್ಕೂ ಇದರಿಂದ ಅಪಾಯವಿಲ್ಲವೆಂದೇ ನಮ್ಮ ತಿಳಿವಳಿಕೆ. ಆದರೆ ಆ ತಂದೆ ಕಾಯಿದೆ ಹಿಡಿದುಕೊಂಡು ಬಂದವರಲ್ಲವಲ್ಲ.

ಈಗ ಹಿಂದಕ್ಕೆ ಬಂದ ಕಾದಂಬರಿಯ ವಿಚಾರ. ಹೆಸರು ಹೇಳುವುದಿಲ್ಲ, ಬರೆದವರು ಚಿಕ್ಕವರು, ಮುಂದೆ ಚೆನ್ನಾಗಿ ಬರೆದಾರು. ಎರಡು ರಾತ್ರಿ ಕೂತು ಓದಿದೆವು. ಕಾಲೇಜಿನ ನಾಲ್ವರು ಹುಡುಗರ ಕಥೆ. ಮೊದಲ ನೂರು ಪುಟ, ಅವರು ಬಾಯಿ ತೆರೆದರೆ ಬೈಗುಳ. ಸ್ನೇಹಕ್ಕೂ ಅದೇ, ಸಿಟ್ಟಿಗೂ ಅದೇ, ಕಾಫಿ ತಣ್ಣಗಾದರೂ ಅದೇ. ಹುಡುಗರು ಹೀಗೆ ಮಾತಾಡುವುದಿಲ್ಲವೆ? ಮಾತಾಡುತ್ತಾರೆ. ಆದರೆ ಅವರು ದಿನಕ್ಕೆ ನೂರು ಸಲ ಆಕಳಿಸುತ್ತಾರೆ ಕೂಡ, ಲೇಖಕ ಅದನ್ನೆಲ್ಲ ಬರೆಯುವುದಿಲ್ಲ. ಸಾರಿಗೆ ಖಾರ ಹಾಕುವ ಹಾಗೆ ಹಾಕಿದ್ದು ಅದು, ಮೊದಲು ಉಪ್ಪು ನೋಡಿಕೊಳ್ಳಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ತಮ್ಮನ್ನು ಒಪ್ಪದ ಒಬ್ಬ ಹುಡುಗಿಯನ್ನು ಆ ನಾಲ್ವರೂ ಸೇರಿ ಆಡಿಕೊಳ್ಳುವ ಒಂದು ಅಧ್ಯಾಯವಿದೆ. ಓದುಗನೂ ಅವರ ಜೊತೆ ನಗಲಿ ಎಂಬಂತೆ ಬರೆದಿದೆ. ಆ ಹುಡುಗಿಗೆ ಕಾದಂಬರಿಯಲ್ಲಿ ಒಂದು ಹೆಸರೂ ಇಲ್ಲ. ತಂದೆ ಬೆರಳಿಟ್ಟು ತೋರಿಸಿದ್ದು ಅದೇ ಅಧ್ಯಾಯದ ಪುಟವನ್ನು. ಅವರು ತೋರಿಸಿದ್ದು ಸರಿ. ಮಗಳ ಸ್ಥಾನದಲ್ಲಿ ನಿಂತು ಓದಿದವರು ಅವರು. ನಾವು, ಬರೆದ ಹುಡುಗನ ಸ್ಥಾನದಲ್ಲಿ ನಿಂತು ಸ್ವಾತಂತ್ರ್ಯದ ಮಾತಾಡಲು ಹೊರಟಿದ್ದೆವು.

ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ, ನಾಲ್ವರಲ್ಲಿ ಒಬ್ಬನ ಅಪ್ಪನನ್ನು, ಗಾರೆ ಕೆಲಸದವನನ್ನು, ಮಗನ ಎದುರಿಗೇ ಮೇಸ್ತ್ರಿ ಬೈಯುತ್ತಾನೆ. ಅದುವರೆಗೆ ಮಗ ತಾನು ತಮಾಷೆಗೆ ಆಡುತ್ತಿದ್ದ ಅದೇ ಮಾತು. ಅಪ್ಪ ತಲೆ ತಗ್ಗಿಸಿಕೊಂಡು ಸಿಮೆಂಟು ಕಲಸುತ್ತಾನೆ. ಮಗ ಆಮೇಲೆ ಎರಡು ಪುಟ ಬಾಯಿ ಬಿಡುವುದಿಲ್ಲ. ಇಲ್ಲಿ ಆ ಪದವನ್ನು ತೆಗೆಯುವಂತಿಲ್ಲ. ತೆಗೆದರೆ ಮೇಸ್ತ್ರಿ ತಪ್ಪಿಸಿಕೊಳ್ಳುತ್ತಾನೆ. ನೂರು ಪುಟ ಪೋಲು ಮಾಡಿದ ಲೇಖಕ ಈ ಒಂದೂವರೆ ಪುಟದಲ್ಲಿ ಬೆಲೆ ಕೊಟ್ಟು ಬರೆದಿದ್ದಾನೆ. ತಂದೆ ಅಲ್ಲಿಯವರೆಗೆ ಓದಿರಲಿಲ್ಲ. ಓದಿದ್ದರೆ ಏನೆನ್ನುತ್ತಿದ್ದರೋ, ಅವರೇ ಹೇಳಬೇಕು.

ಹರೆಯದವರಿಗೆಂದು ನಮ್ಮಲ್ಲಿ ಬೇರೆ ಅಂಗಳವೇ ಇಲ್ಲದ ಕಾರಣ ಈ ಇಕ್ಕಟ್ಟು ಹೆಚ್ಚಾಗಿದೆ. ಮಕ್ಕಳ ಹಾಡಿನಿಂದ ಹೊರಟವರು ನೇರವಾಗಿ ದೊಡ್ಡವರ ಕಾದಂಬರ‍ಿಗೆ ಬೀಳಬೇಕು. ಒಂದು ಕಾಲಕ್ಕೆ ನಡುವೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ಹೆಚ್ಚು ಓದಲಾಗದೆ ಚಿಕ್ಕಂದಿನಿಂದಲೇ ದುಡಿದ ಆ ಲೇಖಕರು ನೂರಾರು ಪತ್ತೇದಾರಿ ಪುಸ್ತಕ ಬರೆದು, ಓದೇ ಗೊತ್ತಿಲ್ಲದ ಮನೆಗಳಿಗೆ ಕನ್ನಡ ಪುಸ್ತಕ ಹೋಗುವಂತೆ ಮಾಡಿದರು. ವಿದ್ವಾಂಸರು ಅವರ ಹೆಸರೆತ್ತಲು ಬಹಳ ದಿನ ನಾಚಿದರು. ಆಮೇಲೆ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಅದು ಹುಡುಗರಿಗೆಂದು ಬರೆದದ್ದಲ್ಲ, ಹುಡುಗರು ಅದನ್ನು ತಮ್ಮದು ಮಾಡಿಕೊಂಡರು. ಶಾಲೆಯಲ್ಲಿ ದಡ್ಡನೆನಿಸಿಕೊಳ್ಳುವಂಥ ಮಂದಣ್ಣನ ಕಣ್ಣಿಗೆ ವಿಜ್ಞಾನಿಗೂ ಕಾಣದ್ದು ಕಾಣುತ್ತದೆ ಎಂಬುದರಲ್ಲಿ ಎಷ್ಟೋ ಹುಡುಗರು ತಮ್ಮ ಮುಖ ಕಂಡರು. ಆ ಪುಸ್ತಕದಲ್ಲಿ ಯಾರೂ ಸಂಭಾವಿತರ ಭಾಷೆ ಆಡುವುದಿಲ್ಲ. ಆದರೂ ಅದನ್ನು ಮಗಳ ಕೈಯಿಂದ ಕಿತ್ತುಕೊಂಡ ತಂದೆಯನ್ನು ನಾವು ಕಂಡಿಲ್ಲ.

ಬೀರುವಿನಲ್ಲಿ ಒಂದು ಪುಸ್ತಕ ಕಾಣಲಿಲ್ಲ, ತರಿಸಿ ಇಡಿ: ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರದು, ಪ್ರೇಮಾ ಕಾರಂತರು ಚಿತ್ರವನ್ನೂ ಮಾಡಿದರು. ಅದರಲ್ಲಿ ಹುಡುಕಿದರೂ ಒಂದು ಅಸಭ್ಯ ಮಾತು ಸಿಗುವುದಿಲ್ಲ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ನೂರು ದಾಟಿ ಬದುಕಿದ ಒಬ್ಬ ಹೆಂಗಸಿನ ಕಥೆ. ನಮ್ಮ ಪರಿಚಯದ ಒಬ್ಬ ಹುಡುಗ ಅದನ್ನು ಓದಿ ಮುಗಿಸಿ, ‘ಬೋಳಿ ಅಂದರೆ ಇದಾ?’ ಎಂದು ಕೇಳಿದ. ಹೌದಪ್ಪ, ಇದೇ ಎಂದೆವು. ಅವನು ಅದರ ನಂತರ ಆ ಬೈಗುಳವನ್ನು ಬಿಟ್ಟನೋ ಇಲ್ಲವೋ ನಾವು ವಿಚಾರಿಸಲಿಲ್ಲ. ಆದರೆ ಆ ದಿನ ಅವನ ಮುಖ ನೋಡಿದೆವು.

ಕಡೆಯದಾಗಿ, ಆ ತಂದೆಯ ಮಗಳ ಮಾತು. ಅವಳು ಇಲ್ಲೇ ಕೂತಿದ್ದಾಳೆ, ಆದ್ದರಿಂದ ಅವಳ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇವೆ. ಸಭೆಗೆ ಮುಂಚೆ ಅವಳು ನಮ್ಮ ಹತ್ತಿರ ಬಂದು, ತಾನೊಂದು ಕಥೆ ಬರೆಯುತ್ತಿದ್ದೇನೆ ಎಂದಳು. ಮೂಟೆ ಹೊರುವವನೊಬ್ಬನ ಕಥೆ. ಅವನನ್ನು ಯಜಮಾನ ಬೈಯುವ ಜಾಗಕ್ಕೆ ಬಂದು ನಿಂತುಬಿಟ್ಟಿದೆಯಂತೆ. ಅವಳ ಪ್ರಶ್ನೆ ಇಷ್ಟೇ: ‘ಆ ಮಾತು ಬರೆದರೆ ಅಪ್ಪನಿಗೆ ಅದನ್ನು ಇನ್ನೊಂದು ಸಲ ಅಂದ ಹಾಗಾಗುತ್ತೆ. ಬರೆಯದಿದ್ದರೆ ಯಜಮಾನ ಒಳ್ಳೆಯವನ ಥರ ಕಾಣ್ತಾನೆ. ಏನು ಮಾಡಲಿ? ಮೊದಲಕ್ಷರ ಬರೆದು ಚುಕ್ಕಿ ಇಡಲಾ?’

ಇಂಥ ಪ್ರಶ್ನೆಯನ್ನು ನಮ್ಮ ದೊಡ್ಡ ವಿಮರ್ಶಕರೂ ಇಷ್ಟು ನೇರವಾಗಿ ಕೇಳಿದ್ದು ನಮಗೆ ನೆನಪಿಲ್ಲ. ಚುಕ್ಕಿಯ ಬಗ್ಗೆ ನಮಗೆ ಅಷ್ಟು ಒಳ್ಳೆಯ ಅಭಿಪ್ರಾಯವಿಲ್ಲ. ಚುಕ್ಕಿ ಇಟ್ಟ ಬೈಗುಳವನ್ನು ಓದುಗನೇ ತನ್ನ ಬಾಯಲ್ಲಿ ಪೂರ್ತಿ ಮಾಡುತ್ತಾನೆ, ಬರೆದವರು ಕೈ ತೊಳೆದುಕೊಂಡಂತಾಗುತ್ತದೆ, ಅಷ್ಟೆ. ಆದರೆ ಅವಳಿಗೆ ಹಾಗೆಂದು ಹೇಳಲಿಲ್ಲ. ಬರೆಯುವುದಕ್ಕೆ ಮೊದಲು ಅಪ್ಪನಿಗೆ ಆ ಜಾಗವನ್ನು ಓದಿ ಹೇಳು ಎಂದೆವು. ಆ ಮಾತು ಬಂದಾಗ ನಿನ್ನ ಕಥೆ ಮೂಟೆ ಹೊತ್ತವನ ಮುಖ ನೋಡುತ್ತದೆಯೋ ಯಜಮಾನನ ಮುಖ ನೋಡುತ್ತದೆಯೋ ಎಂದೂ ಕೇಳಿದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಈಗ ಅಪ್ಪನ ಮುಖ ನೋಡ್ತಿದೆ, ತಿರುಗಿಸಬೇಕು’ ಎಂದಳು.

ಹಿಂದಕ್ಕೆ ಬಂದ ಕಾದಂಬರಿಯನ್ನು ಬೀರುವಿನಿಂದ ತೆಗೆಯಬೇಕೋ ಬೇಡವೋ ಎಂದು ಗೆಳೆಯರು ನಮ್ಮ ತೀರ್ಪು ಕೇಳಿದ್ದರು. ತೆಗೆಯಬೇಡಿ. ಬೀಗ ಹಾಕಿದ ಕಪಾಟಿನಲ್ಲೂ ಇಡಬೇಡಿ. ಬೀಗ ಕಂಡರೆ ಹುಡುಗರು ಕೀಲಿ ಹುಡುಕುತ್ತಾರೆ, ನಾವೂ ಹುಡುಕಿದವರೇ. ಬರುವ ಭಾನುವಾರ ಹತ್ತು ಗಂಟೆಗೆ ಇದೇ ಕೋಣೆಯಲ್ಲಿ ಆ ಗಾರೆ ಕೆಲಸದವನ ಅಧ್ಯಾಯವನ್ನೂ, ಆ ಹೆಸರಿಲ್ಲದ ಹುಡುಗಿಯ ಅಧ್ಯಾಯವನ್ನೂ ಗಟ್ಟಿಯಾಗಿ ಓದುವುದೆಂದು ಗೊತ್ತುಮಾಡಿದ್ದೇವೆ. ಮಂಡಿಗೆ ಅವತ್ತು ರಜೆಯಾದ್ದರಿಂದ ಆ ತಂದೆಯೂ ಬರುವುದಾಗಿ ಒಪ್ಪಿದ್ದಾರೆ. ಮಗಳ ಕಥೆ ಮುಗಿದರೆ ನಮ್ಮ ಪತ್ರಿಕೆಗೆ ಕೊಡುತ್ತಾಳಂತೆ. ಚುಕ್ಕಿ ಇಟ್ಟು ಕೊಟ್ಟರೆ ಚುಕ್ಕಿ ಇಟ್ಟೇ ಅಚ್ಚು ಹಾಕುತ್ತೇವೆ, ಇಡದೆ ಕೊಟ್ಟರೆ ಇಡದೆ.